ಅಪ್‌ಡೇಟ್: ಹುಣಸೆಗೆ ಒಡಹುಟ್ಟಿದ ಪ್ರಭೇದ ಇದೆಯೇ?

ಹುಣಸೆಯ ಕುಲದಲ್ಲಿ (ಹತ್ತಿರದ ಪ್ರಭೇದಗಳ ಗುಂಪಿನಲ್ಲಿ) ಒಂದೇ ಪ್ರಭೇದ ಎಂಬುದು ನಿಜವೇ, ಹಾಗಾದರೆ ಸೀಮೆಹುಣಸೆ ಯಾವುದು, ಎಂದು ಕಳೆದ ಬಾರಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನೀವು ಹೇಳಿದ್ದೇ ಸರಿ: ಟ್ಯಾಮರಿಂಡಸ್ ಕುಲದಲ್ಲಿರುವುದು ಟ್ಯಾಮರಿಂಡಸ್ ಇಂಡಿಕಾ ಒಂದೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಸಿಹಿ ಹುಣಸೆ, ಕೆಂಪು ಹುಣಸೆ ಎಲ್ಲವೂ ಅದರ ತಳಿಗಳಷ್ಟೇ.

ಸೀಮೆಹುಣಸೆ ಅದೇ ಫ್ಯಾಬೇಸಿ ಕುಟುಂಬದ್ದಾದರೂ (ಅವರೆಯೂ ಇದೇ ಕುಟುಂಬದ್ದು) ಬೇರೆ ಕುಲ. ಎರಡೂ ಕಾಯಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಸಂಶಯವೇ ಉಳಿಯಲಿಲ್ಲ. ಸೀಮೆಹುಣಸೆ ಸುರುಳಿ ಸುತ್ತಿಕೊಂಡು, ಹಣ್ಣಾದಾಗ ತಾನೇ ಬಿರಿಯುತ್ತದೆ. ಹುಣಸೆ ಎಷ್ಟೇ ಒಣಗಿದರೂ ಬಿರಿಯುವುದಿಲ್ಲ, ಓಡನ್ನು ನಾವೇ ಒಡೆಯಬೇಕು.

ಹುಣಸೆಯ ಹೂವನ್ನೂ ಭೂತಗನ್ನಡಿಯಡಿ ಬಿಡಿಸಿದೆ. ಎಷ್ಟು ಚೆಲುವಾದ ರಚನೆ! ಮಾಸಲು ಹಳದಿಯ ಮೂರು ದಳಗಳು, ಅವುಗಳ ಮೇಲೆ ಕೆಂಪು ಗೆರೆಗಳು. ಉಳಿದೆರಡು ದಳಗಳು ಎಲ್ಲಿ ಎಂದು ಹುಡುಕಿದರೆ, ಬುಡದಲ್ಲಿ ಕೂದಲೆಳೆಯಂತೆ ಸಣ್ಣಗಾಗಿ ಅಡಗಿದ್ದವು. ಫಲವತ್ತಾದ ಕೇಸರಗಳೂ ಮೂರೇ, ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಅವರೆ ಹೂವಿನ ಚಿಟ್ಟೆಯಾಕಾರ ಇಲ್ಲಿಲ್ಲ. ಹಾಗಾಗಿಯೇ ಇದು ಆ ಕುಟುಂಬದ್ದೆಂದು ನಾನು ಮೊದಲು ನಂಬಿರಲಿಲ್ಲ.

ಇನ್ನೊಂದು ಮಾತು. 'ಇಂಡಿಕಾ' ಎಂದಿದ್ದರೂ ಇದರ ಮೂಲ ಉಷ್ಣವಲಯದ ಆಫ್ರಿಕಾ. ಕುಲದ ಹೆಸರು ಬಂದದ್ದು 'ಭಾರತದ ಖರ್ಜೂರ' ಎಂಬರ್ಥದ ಅರಬ್ಬಿ ಪದದಿಂದ. ಹಳೆಯ ಪುಸ್ತಕಗಳಲ್ಲಿ ಕಾಣುವ ಟ್ಯಾಮರಿಂಡಸ್ ಆಕ್ಸಿಡೆಂಟಾಲಿಸ್ ಈಗ ಇದೇ ಮರದ ಪರ್ಯಾಯ ಹೆಸರು. ನನ್ನನ್ನು ಗೊಂದಲಕ್ಕೆ ಕೆಡವಿದ್ದೂ ಅದೇ.