ಮೆಣಸಿನ ಗಿಡದ ಎಲೆ ಮುಟುರಿಕೊಳ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಹನ್ನೆರಡು ಮೆಣಸಿನ ಗಿಡ ಹಾಕಿದ್ದೇನೆ, ಸಸಿ ನೆಟ್ಟು 50 ದಿನ ಆಯ್ತು. ಮೊದಲ ತಿಂಗಳು ಚೆನ್ನಾಗಿಯೇ ಬಂದವು. ಈಗ ಐದು ಗಿಡಗಳ ಕುಡಿ ಮುಟುರಿಕೊಂಡು ಬೆಳವಣಿಗೆ ನಿಂತಿದೆ, ಹೂವೂ ಉದುರ್ತಿದೆ.

ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಹುಳ), ಕೆಳಕ್ಕೆ ಮಡಚಿದರೆ ಮೈಟ್ ನುಸಿ ಅಂತ ಗೊತ್ತು. ಆದರೆ ಒಂದೇ ಗಿಡದಲ್ಲಿ ಎರಡೂ ಥರ ಕಾಣ್ತಿದೆ. ಬೆಳಿಗ್ಗೆ ಒಂದು ಕುಡಿಯನ್ನು ಬಿಳಿ ಹಾಳೆ ಮೇಲೆ ತಟ್ಟಿದೆ. ಸಾಸಿವೆಗಿಂತ ಸಣ್ಣ, ಉದ್ದನೆಯ ಹಳದಿ ಹುಳ ನಾಲ್ಕೈದು ಬಿದ್ದು ಸರಸರ ಓಡಿದವು. ಅದು ಥ್ರಿಪ್ಸೇ ಇರಬೇಕು. ಬರಿಗಣ್ಣಿಗೆ ಕಾಣದ ಮೈಟ್ ಕೂಡ ಇದೆಯೋ ಇಲ್ಲವೋ ಹೇಗೆ ತಿಳಿಯೋದು?

ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ, ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವಂತೆ ಮೂರು ಸಲ ಹೊಡೆದಿದ್ದೇನೆ. ಹೊಸ ಚಿಗುರು ಇನ್ನೂ ಸರಿಯಾಗಿಲ್ಲ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ ಆಗುತ್ತೆ, ಆದರೆ ಎಣ್ಣೆಯ ಹಿಂದೆಯೇ ಗಂಧಕ ಹೊಡೆದರೆ ಎಲೆ ಸುಡುತ್ತೆ. ನೀವು ಎಷ್ಟು ದಿನ ಬಿಟ್ಟು ಹೊಡೀತೀರಿ?

ನಮ್ಮದು ಜೇಡಿಮಣ್ಣು, ನೀರು ಹಾಕಿದ ಮಾರನೇ ದಿನವೇ ಮೇಲ್ಪದರ ಗಟ್ಟಿಯಾಗುತ್ತೆ. ಕಾಂಪೋಸ್ಟ್ ಹಾಕಿದ್ದೇನೆ, ಒಣಎಲೆ ಹೊದಿಕೆಯೂ ಹಾಕಬೇಕು ಅಂತಿದೆ. ಥ್ರಿಪ್ಸ್ ಮಣ್ಣಲ್ಲೂ ಕೋಶಾವಸ್ಥೆ ಕಳೆಯೋದರಿಂದ ಹೊದಿಕೆ ಅವಕ್ಕೆ ಆಶ್ರಯವಾದೀತಾ?

ಇನ್ನೊಂದು, ಇದು ಬಿಳಿನೊಣದಿಂದ ಬರುವ ವೈರಸ್ ಆಗಿದ್ದರೆ ಗಿಡ ಕೀಳಲೇಬೇಕು. ಹೂ ಬಿಟ್ಟ ಗಿಡ ಕೀಳೋಕೆ ಮನಸ್ಸು ಬರ್ತಿಲ್ಲ. ಖಚಿತವಾಗಿ ಗುರುತಿಸೋದು ಹೇಗೆ ಅಂತ ಬೆಳೆದು ಅನುಭವ ಇರುವವರು ದಯವಿಟ್ಟು ಹೇಳಿ, ಉಳಿದ ಏಳು ಗಿಡಗಳಾದರೂ ಉಳೀಬೇಕು.