ಸಹಾಯ ಬೇಕು: ಬದುಕಿನಲ್ಲಿ ಒಮ್ಮೆಯಾದರೂ ಓದಬೇಕಾದ ಹನ್ನೆರಡು ಪುಸ್ತಕ

ನಮಸ್ಕಾರ. ತಿಂಗಳಿಗೊಂದರಂತೆ ಓದಲು ಹನ್ನೆರಡು ಪುಸ್ತಕಗಳ ಪಟ್ಟಿ ಮಾಡುತ್ತಿದ್ದೇನೆ. ಒಂಬತ್ತು ಗೊತ್ತಾಗಿವೆ, ಮೂರು ಬೇಕು: ಒಂದು ಇತಿಹಾಸ, ಒಂದು ಆತ್ಮಕಥೆ, ಒಂದು ಕವಿತಾ ಸಂಕಲನ. ದಯವಿಟ್ಟು ಬರೀ ಹೆಸರು ಹಾಕಿ ಹೋಗಬೇಡಿ. ಯಾವ ಆವೃತ್ತಿ, ಯಾರ ಅನುವಾದ, ಎಷ್ಟು ಪುಟ ಅನ್ನೋದನ್ನೂ ಬರೆಯಿರಿ. ಇಂಥ ಪಟ್ಟಿಗಳು ಕೆಡುವುದೇ ಅಲ್ಲಿ.

ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ‘ಆರಿಜಿನ್ ಆಫ್ ಸ್ಪೀಷೀಸ್’ ನೋಡಿ. 1859ರ ಮೊದಲ ಆವೃತ್ತಿಯಲ್ಲಿ ವಾದ ಸರಾಗವಾಗಿ ಸಾಗುತ್ತದೆ. 1872ರ ಆರನೆಯದರಲ್ಲಿ ಆಕ್ಷೇಪಗಳಿಗೆ ಉತ್ತರ ಕೊಡಲೆಂದೇ ಒಂದು ಅಧ್ಯಾಯ ಹೆಚ್ಚಿಗೆ ಸೇರಿದೆ. ಹೊಸಬರು ಅಲ್ಲೇ ಸುಸ್ತಾಗುತ್ತಾರೆ. ಹಾಗಾಗಿ ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ಸರ್ವಾಂಟಿಸ್‌ನ ಕಾದಂಬರಿ ‘ಡಾನ್ ಕ್ವಿಕ್ಸೋಟ್’ ಬಂದದ್ದು ಎರಡು ಭಾಗಗಳಲ್ಲಿ, 1605 ಮತ್ತು 1615ರಲ್ಲಿ. ಎರಡನೆಯದನ್ನು ಬಿಟ್ಟರೆ ಅರ್ಧ ಓದಿದ ಹಾಗೆಯೇ, ಅದೂ ಒಳ್ಳೆಯ ಅರ್ಧ ಬಿಟ್ಟು!

ಟಾಲ್‌ಸ್ಟಾಯ್‌ನ ಕಾದಂಬರಿ ‘ಯುದ್ಧ ಮತ್ತು ಶಾಂತಿ’ ಒಂದು ತಿಂಗಳಿಗೆ ಹಿಡಿಯುವುದಿಲ್ಲ. ಒಟ್ಟು 361 ಅಧ್ಯಾಯ, ಹೆಚ್ಚಿನವು ಚಿಕ್ಕವು. ದಿನಕ್ಕೊಂದರಂತೆ ವರ್ಷಪೂರ್ತಿ ಪಕ್ಕದಲ್ಲಿ ಓದಿಕೊಂಡು ಹೋಗುವುದು ಸರಿ. ಪಾತ್ರಗಳ ಹೆಸರುಪಟ್ಟಿ ಇರುವ ಪ್ರತಿಯನ್ನೇ ಹುಡುಕಿ. ಒಬ್ಬರಿಗೇ ಮೂರ್ನಾಲ್ಕು ಹೆಸರು, ಐವತ್ತು ಪುಟದೊಳಗೆ ದಾರಿ ತಪ್ಪುತ್ತದೆ.

ಸೂಚಿಸುವ ಮುನ್ನ ಎರಡು ವಿಷಯ ನೋಡಿ. ಒಳಪುಟದಲ್ಲಿ ‘ಸಂಗ್ರಹ’ ಅಥವಾ ‘ಸಂಕ್ಷಿಪ್ತ’ ಎಂದಿದೆಯೇ? ಮುಖಪುಟದಲ್ಲಿ ಎಷ್ಟೋ ಸಲ ಅದನ್ನು ಹಾಕಿರುವುದಿಲ್ಲ. ಅನುವಾದ ಮೂಲದಿಂದಲೇ ಆಗಿದೆಯೋ, ಮತ್ತೊಂದು ಭಾಷೆಯ ಮೂಲಕವೋ? ಕವಿತೆಯ ಮಟ್ಟಿಗಂತೂ ಇದು ಮುಖ್ಯ. ಮೂಲ ಪಠ್ಯ ಎದುರು ಪುಟದಲ್ಲೇ ಇರುವ ಪ್ರತಿ ಗೊತ್ತಿದ್ದರೆ ಮೊದಲು ಅದನ್ನೇ ತಿಳಿಸಿ. ಇತಿಹಾಸದ ಪುಸ್ತಕವಾದರೆ ನಕ್ಷೆಗಳಿವೆಯೇ ಎಂದೂ ಹೇಳಿ.