ಒಳಗೋಡೆ ಗಿಲಾವಿನ ಬಿಲ್ 1,08,789 ರೂ. (ಪುಣೆ, ಕೋಥ್ರೂಡ್): ಲೆಕ್ಕ ಸರಿ ಇದೆಯಾ?

ಕೋಥ್ರೂಡ್ ವಾಸಿ

ಹಳೇ ಬಿಲ್ಡಿಂಗ್, ಇಟ್ಟಿಗೆ ಗೋಡೆ. ಹಾಲ್ 16×11 ಅಡಿ, ಬೆಡ್‌ರೂಮ್ 12×10, ಎತ್ತರ ಎರಡಕ್ಕೂ ಒಂಬತ್ತೂವರೆ. ಹಳೇ ಗಿಲಾವು ಕಿತ್ತು ಹೊಸದು ಹಾಕಿಸಿದ್ದು, ಸೀಲಿಂಗ್ ಮುಟ್ಟಿಲ್ಲ. ಬಿಲ್ಲಿನಲ್ಲಿ ಇರೋದು:

ಹಳೇದು ಒಡೆದಿದ್ದು: 931 ಚದರ ಅಡಿ × 14 = 13,034
ಹೊಸ ಪ್ಲಾಸ್ಟರ್, 1:4 (ಸಿಮೆಂಟ್ ಒಂದು, ಮರಳು ನಾಲ್ಕು), 20 ಮಿ.ಮೀ., ಮಾಲು ಸಮೇತ: 1,024 × 65 = 66,560
ಬಾಗಿಲು-ಕಿಟಕಿ ಅಂಚು: 90 ರನ್ನಿಂಗ್ ಫೂಟ್ × 40 = 3,600
ರಾಬಿಟ್ (ಒಡೆದ ಗಿಲಾವಿನ ಕಸ) ಸಾಗಣೆ: ಛೋಟಾ ಹಾಥಿ (ಸಣ್ಣ ಟೆಂಪೋ) 3 ಟ್ರಿಪ್ × 3,000 = 9,000
ಮೇಲೆ ಜಿಎಸ್‌ಟಿ 18%: 16,595

ಹಾಲ್‌ಗೆ ಮುಂಬಾಗಿಲು 3.5×7, ಬಾಲ್ಕನಿ ಬಾಗಿಲು 6×7, ಪ್ಯಾಸೇಜ್ ಬಾಗಿಲು 3×7. ಬೆಡ್‌ರೂಮಿಗೆ ಬಾಗಿಲು 3×7, ಕಿಟಕಿ 5×4. 1,024 ಹೇಗೆ ಬಂತು ಅಂದರೆ ಕಂಟ್ರಾಕ್ಟರ್ "ವೇಸ್ಟೇಜ್ ಸೇರಿಸಿ" ಅಂತಾನೆ. 65ರ ರೇಟು ಜಾಸ್ತಿಯಾ?

ಗೌಂಡಿ ಲೆಕ್ಕ

ರೇಟು ಆಮ್ಯಾಲೆ, ಮೊದಲ ಅಳತಿ ನೋಡ್ರಿ. ಹಾಲ್ ಸುತ್ತಳತಿ 54 ಅಡಿ, ಬೆಡ್‌ರೂಮ್ 44. ಕೂಡಿದ್ರ 98, ಎತ್ತರಕ್ಕ ಗುಣಿಸಿದ್ರ 931. ಅಂದ್ರ ಬಾಗಿಲು, ಕಿಟಕಿ ಎಲ್ಲಾನೂ ಗ್ವಾಡಿ ಅಂತ ಹಿಡದಾನ. ಅದರ ಮ್ಯಾಲೆ 10 ಟಕ್ಕೆ (ಪರ್ಸೆಂಟ್) ಏರಿಸಿದ್ರ 1,024. ವೇಸ್ಟೇಜ್ ಆಗೂದು ಮಾಲಿನ್ಯಾಗ, ಗ್ವಾಡಿ ಏನ್ ಬೆಳೀತೈತೇನ್ರಿ?

20 ಮಿ.ಮೀ. 1:4 ಹಚ್ಚಿದ್ರ ಒಂದು ಬ್ರಾಸ್‌ಗೆ, ಅಂದ್ರ 100 ಚದರ ಅಡಿಗೆ, ಸಂದಿ-ಗೊಂದಿ ತುಂಬೂದು ಹಿಡದು ಸಿಮೆಂಟ್ ಸುಮಾರು 1.7 ಚೀಲ, ಉಸುಕು ಎಂಟೂವರಿ ಘನ ಅಡಿ ಬೇಕು. ಸಿಮೆಂಟ್ ಚೀಲಕ್ಕ 380, ಉಸುಕು ಘನ ಅಡಿಗೆ 60 ಅಂತ ಹಿಡಿದ್ರೂ ಮಾಲಿನ ಪಾಲು ಚದರ ಅಡಿಗೆ 12 ರೂಪಾಯಿ ಒಳಗ. ಅದರ 10 ಟಕ್ಕೆ ಒಂದು ರೂಪಾಯಿ ಚಿಲ್ಲರ. ಇವ ಕೂಲಿನೂ ಸೇರಿದ 65ರ ಮ್ಯಾಲೆ ಹಚ್ಚಿ ಆರೂವರಿ ತಗೊಂಡಾನ.

ಅಂಚಿಂದು ಇನ್ನೊಂದ್ ಆಟ. ಬಾಗಿಲು ಕಳೀಲಿಲ್ಲಂದ್ರ ಅಂಚಿನ ರೊಕ್ಕ ಅದರಾಗ ಬಂತು. ಕಳದ್ರ ಅಂಚಿಗೆ ಬ್ಯಾರೆ ಕೊಡಬೇಕು. ಎರಡೂ ಕಡೆ ತಿನ್ನಾಕ ಬರಂಗಿಲ್ಲ. 3 ಚದರ ಮೀಟರ್ ಒಳಗಿನ ಬಾಗಿಲಿಗೆ ಒಂದ ಬದಿ ಕಳೀತಾರ, ಹಂಗಾಗಿ ನಿಮಗ ಅರ್ಧ ಬಿಡಬೇಕು.

ರಾಬಿಟ್ ಬಗ್ಗೆ ಜಗಳಾ ತಗೀಬ್ಯಾಡ್ರಿ. 800 ಚದರ ಅಡಿ, 20 ಮಿ.ಮೀ. ಅಂದ್ರ ಒಂದೂವರಿ ಘನ ಮೀಟರ್, ಮೂರು ಟನ್ ಹತ್ರ ಬರತೈತಿ. ಛೋಟಾ ಹಾಥಿ ಹೊರೂದು ಮುಕ್ಕಾಲು ಟನ್. ಮೂರ ಟ್ರಿಪ್‌ನ್ಯಾಗ ಮುಗಿಸಿದ್ದ ದೊಡ್ಡದು.

ಸೈಟ್ ಡೈರಿ

ಒಂದು ತಿದ್ದುಪಡಿ. "ಒಂದು ಬದಿ ಮಾತ್ರ ಕಳೆಯೋದು" ಗೋಡೆಯ ಎರಡೂ ಮುಖಕ್ಕೆ ಗಿಲಾವು ಆದಾಗ. ಇಲ್ಲಿ ಆಗಿರೋದು ಒಳಮುಖ ಮಾತ್ರ. ಐಎಸ್ 1200, ಭಾಗ 12 (ಗಿಲಾವು ಅಳೆಯೋ ಭಾರತೀಯ ಮಾನಕ) ಪ್ರಕಾರ ಹೀಗಿದ್ದಾಗ ಚೌಕಟ್ಟು ಎಲ್ಲಿ ಕೂತಿದೆ ಅಂತ ನೋಡಬೇಕು. ಕೆಲಸ ಆದ ಬದಿಯಲ್ಲಿ ಅಂಚಿನ ಅಗಲ ಇನ್ನೊಂದು ಬದಿಗಿಂತ ಕಡಿಮೆ ಇದ್ದರೆ ಪೂರ್ತಿ ಕಳೆಯಿರಿ. ಸಮ ಅಥವಾ ಹೆಚ್ಚಿದ್ದರೆ ಕಳೆಯೋದೂ ಇಲ್ಲ, ಅಂಚಿಗೆ ಕೊಡೋದೂ ಇಲ್ಲ. 3 ಚದರ ಮೀಟರ್ (ಸುಮಾರು 32 ಚದರ ಅಡಿ) ದಾಟಿದರೆ ಪೂರ್ತಿ ಕಳೆದು ಅಂಚಿಗೆ ಬೇರೆ ಕೊಡಬೇಕು. ನಿಮ್ಮ ಬಾಲ್ಕನಿ ಬಾಗಿಲು 42, ಈ ಸಾಲಿಗೆ ಸೇರುತ್ತೆ. ಉಳಿದ ಚೌಕಟ್ಟುಗಳು ಯಾವ ಬದಿಗಿವೆ? ಸಿಮೆಂಟ್ ಎಷ್ಟು ಚೀಲ ಬಂತು?

ಕೋಥ್ರೂಡ್ ವಾಸಿ

ಉಳಿದ ಮೂರೂ ಬಾಗಿಲ ಚೌಕಟ್ಟು ಒಳಗೋಡೆ ಮಟ್ಟಕ್ಕೇ ಕೂತಿವೆ, ಒಳಬದಿಗೆ ಅಂಚೇ ಇಲ್ಲ. ಕಿಟಕಿ ಹೊರಬದಿಗೆ. ಖಾಲಿ ಚೀಲ ಬಾಲ್ಕನಿಯಲ್ಲೇ ಬಿದ್ದಿವೆ: 9. ಉಳಿದ ಸಿಮೆಂಟ್ ಏನೂ ಇಲ್ಲ. ಜಿಎಸ್‌ಟಿ ನಂಬರ್ ಬಿಲ್ಲಲ್ಲಿ ಕಾಣಿಸ್ತಿಲ್ಲ.

ಸೈಟ್ ಡೈರಿ

ಹಾಗಾದರೆ 931ರಲ್ಲಿ ಬಾಲ್ಕನಿ 42, ಮೂರು ಬಾಗಿಲು 66.5 ಕಳೆಯಿರಿ. ಕಿಟಕಿ ಬಿಟ್ಟುಬಿಡಿ. ಉಳಿದದ್ದು 822.5. ಅವನದೇ ರೇಟಿನಲ್ಲಿ ಒಡೆದಿದ್ದು 11,515, ಪ್ಲಾಸ್ಟರ್ 53,462, ಬಾಲ್ಕನಿ ಅಂಚು 20 ಫೂಟಿಗೆ 800, ರಾಬಿಟ್ 9,000. ಒಟ್ಟು ಸುಮಾರು 74,780, ತೆರಿಗೆ ಬಿಟ್ಟು.

65 ಜಾಸ್ತಿಯಾ ಅನ್ನೋದಕ್ಕೆ ಆ ಖಾಲಿ ಚೀಲಗಳೇ ಉತ್ತರ. ಇಷ್ಟು ಗೋಡೆಗೆ 20 ಮಿ.ಮೀ. 1:4 ಹಾಕಿದ್ದರೆ 14 ಚೀಲ ಆಗಬೇಕಿತ್ತು. 9ರಲ್ಲಿ ಮುಗಿದಿದೆ ಅಂದರೆ ಒಂದೋ 13 ಮಿ.ಮೀ. 1:4, ಇಲ್ಲವೇ 18 ಮಿ.ಮೀ. 1:6. ಎರಡೂ ಒಳಗೋಡೆಗೆ ಕೆಟ್ಟದ್ದಲ್ಲ, 1:6 ಧಾರಾಳವಾಗಿ ನಡೆಯುತ್ತೆ. ಸಿಮೆಂಟ್ ಉಳಿತಾಯ ಐದು ಚೀಲ, 1,900 ರೂಪಾಯಿ ಅಷ್ಟೇ. ದುಡ್ಡಿರೋದು ಕೂಲಿಯಲ್ಲಿ. 20 ಮಿ.ಮೀ. ಅಂದರೆ ಎರಡು ಕೋಟು (ಪದರ), ನಡುವೆ ಒಂದು ದಿನ ಕಾಯೋದು. 13 ಒಂದೇ ಕೋಟಲ್ಲಿ ಮುಗಿಯುತ್ತೆ. ಎರಡು ಕೋಟಿನ ರೇಟು ತಗೊಂಡು ಒಂದು ಕೋಟು ಹಾಕಿದ್ದಾನಾ ಅನ್ನೋದೇ ಪ್ರಶ್ನೆ.

ಅಳೆಯೋದು ಸುಲಭ. ಆಮೇಲೆ ಸ್ಕರ್ಟಿಂಗ್ (ಗೋಡೆಬುಡದ ಪಟ್ಟಿ) ಮುಚ್ಚೋ ಜಾಗದಲ್ಲಿ 6 ಮಿ.ಮೀ. ಡ್ರಿಲ್ ಬಿಟ್‌ನಿಂದ ಮೆಲ್ಲಗೆ ತೂತು ಹಾಕಿ. ಬೂದು ಪುಡಿ ಉದುರ್ತಾ ಇರುತ್ತೆ. ಕೆಂಪು ಪುಡಿ ಬಂದ ತಕ್ಷಣ ನಿಲ್ಲಿಸಿ, ಗೋಡೆ ಮಟ್ಟಕ್ಕೆ ಬಿಟ್ಟಿಗೆ ಟೇಪ್ ಸುತ್ತಿ ಹೊರತೆಗೆದು ಅಳೆಯಿರಿ. ಕೋಣೆಗೆ ನಾಲ್ಕು ಕಡೆ ಸಾಕು. ಡ್ರಿಲ್ ಬಿಟ್ ಇಟ್ಟಿಗೆಗಳ ಸಂದಿಯಲ್ಲಿ ಇಳಿದರೆ ಕೆಂಪು ಬರೋದೇ ಇಲ್ಲ, ಎರಡು ಇಂಚು ಪಕ್ಕಕ್ಕೆ ಹಾಕಿ. ಸರಾಸರಿ 14ರ ಒಳಗೆ ಬಂದರೆ 65 ಕೊಡಬೇಡಿ, ಒಂದು ಕೋಟಿನ ರೇಟಿಗೆ ಮಾತಾಡಿ.

ಹಿಂಜೇವಾಡಿ ಹುಡುಗ

ಜಿಎಸ್‌ಟಿ: 15 ಅಕ್ಷರದ ನಂಬರ್, ಮಹಾರಾಷ್ಟ್ರದ್ದು 27ರಿಂದ ಶುರುವಾಗಬೇಕು, ಪೋರ್ಟಲ್‌ನಲ್ಲಿ ಹಾಕಿದರೆ ಹೆಸರು ಬರುತ್ತೆ. ನೋಂದಣಿ ಇಲ್ಲದವರು, ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಸ್ಕೀಮ್) ಇರೋರು ಬಿಲ್ಲಿನ ಮೇಲೆ ತೆರಿಗೆ ಹಾಕೋ ಹಾಗೇ ಇಲ್ಲ. ನಂಬರ್ ಇಲ್ಲ ಅಂದರೆ 16,595 ಅಲ್ಲೇ ಹೊಡೆದುಹಾಕಿ.

ಗೌಂಡಿ ಲೆಕ್ಕ

ಚೌಕಟ್ಟಿನ ಮಾತು ಖರೇ, ನಾ ಅರ್ಧ ಅಂದಿದ್ದು ತಪ್ಪು. ಪೂರಾ ರೊಕ್ಕ ಕೊಡೂಕಿಂತ ಮೊದಲ ನಾಣ್ಯದಲೆ ಗ್ವಾಡಿ ಬಡದು ನೋಡ್ರಿ. ಢಬ್ ಢಬ್ ಅಂದಲ್ಲಿ ಪೊಳ್ಳು. ಪೆನ್ಸಿಲ್‌ಲೆ ಗುರ್ತು ಹಾಕ್ರಿ. ಅಂಗೈ ಅಗಲ ಇದ್ರ ಬಿಡ್ರಿ, ತಾಟಿನಷ್ಟ ಇದ್ರ ಒಡಿಸಿ ಮತ್ತ ಹಾಕಸ್ರಿ. ಬೀಮ್ ಕೆಳಗ ಗೆರಿ ಹೊಡದಂಗ ನೆಟ್ಟಗ ಸೀಳಿತ್ತಂದ್ರ ಅಲ್ಲಿ ಕೋಳಿ ಜಾಳಗಿ, ಅಂದ್ರ ತಂತಿ ಬಲಿ, ಹಾಕಿಲ್ಲ. ಕೈಲೆ ಉಜ್ಜಿದ್ರ ಪುಡಿ ಉದುರತೈತಂದ್ರ ಏಳು ದಿನ ನೀರು ಹೊಡದಿಲ್ಲ. ಅದಕ್ಕ ಈಗ ಪುಟ್ಟಿ ಬಳದು ಮುಚ್ಚಾಕ ಬಿಡಬ್ಯಾಡ್ರಿ.